ವಿಚಾರ, ನಂಬಿಕೆ, ಸಂಸ್ಕೃತಿಯ ಪಾಡ್‌ಕಾಸ್ಟ್ ಮಾಡುವ ಕ್ರಮ: ಮೈಕ್ ಬರುವುದು ಏಳನೇ ಹಂತದಲ್ಲಿ

ವಿಚಾರಗಳ ಚರಿತ್ರೆ, ಧರ್ಮ, ಸಂಸ್ಕೃತಿ ಬಗ್ಗೆ ಪಾಡ್‌ಕಾಸ್ಟ್ ಶುರು ಮಾಡಿದವರು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. ಒಳ್ಳೆಯ ಮೈಕ್ ತಂದೆ, ಚೆಂದದ ಹೆಸರಿಟ್ಟೆ, ಮೂರು ಎಪಿಸೋಡ್ ಹಾಕಿದೆ, ನಾಲ್ಕನೆಯದು ಆಗಲೇ ಇಲ್ಲ. ಆ ಮೂರನ್ನು ಕೇಳಿ ನೋಡಿದರೆ ಕಾರಣ ತಿಳಿಯುತ್ತದೆ. ಮೊದಲನೆಯದು ಒಂದು ಗಂಟೆಯ ಉಪನ್ಯಾಸ. ಎರಡನೆಯದು ಗಟ್ಟಿಯಾಗಿ ಓದಿದ ಪ್ರಬಂಧ. ಮೂರನೆಯದರಲ್ಲಿ ಅತಿಥಿಯ ದನಿ ಬಾವಿಯೊಳಗಿಂದ ಬಂದಂತಿದೆ.

ಇವರೆಲ್ಲ ಚೆನ್ನಾಗಿ ಓದಿಕೊಂಡವರೇ. ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿತ್ತು. ಪುಸ್ತಕ ಓದುವವರಿಗೆ ಅರ್ಥವಾಗದಿದ್ದರೆ ಹಿಂದಿನ ಪುಟಕ್ಕೆ ಹೋಗುತ್ತಾರೆ. ಪಾಡ್‌ಕಾಸ್ಟ್ ಕೇಳುವವರು ಪಾತ್ರೆ ತೊಳೆಯುತ್ತಿರುತ್ತಾರೆ, ಇಲ್ಲವೇ ಬಸ್ಸಿನಲ್ಲಿ ನಿಂತಿರುತ್ತಾರೆ. ಎಳೆ ಒಮ್ಮೆ ತಪ್ಪಿತೋ, ಹಿಂದೆ ಹೋಗಿ ಹುಡುಕುವವರು ಕಡಿಮೆ. ಕೆಳಗಿನ ಹತ್ತು ಹಂತಗಳಲ್ಲಿ ಮೈಕ್ ಏಳನೆಯದಾಗಿರುವುದು ಇದೇ ಕಾರಣಕ್ಕೆ. ಮೊದಲ ಆರನ್ನು ಹಾರಿಸಿ ಅಲ್ಲಿಗೆ ಹೋದರೆ ಮತ್ತೆ ಅದೇ ನಾಲ್ಕನೇ ಎಪಿಸೋಡ್ ಕಥೆ.

ಹಂತ 1: ವಿಷಯ ಬಿಡಿ, ಪ್ರಶ್ನೆ ಹಿಡಿಯಿರಿ

"ಗೆಲಿಲಿಯೋ ಮತ್ತು ಚರ್ಚ್" ಒಂದು ವಿಷಯ. ಅದಕ್ಕೆ ತುದಿ ಮೊದಲಿಲ್ಲ, ಎರಡು ಗಂಟೆ ಮಾತಾಡಿದರೂ ಮುಗಿಯುವುದಿಲ್ಲ. ಅದನ್ನೇ ಹೀಗೆ ಕೇಳಿ ನೋಡಿ: ಭೂಮಿ ಸುತ್ತುತ್ತದೆ ಎನ್ನಬೇಡ ಎಂದು 1616ರಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟಿದ್ದ ಚರ್ಚ್, 1633ರಲ್ಲಿ ಅದೇ ಗೆಲಿಲಿಯೋನನ್ನು ವಿಚಾರಣೆಗೆ ಯಾಕೆ ಎಳೆಯಿತು? ನಡುವಿನ 17 ವರ್ಷದಲ್ಲಿ ಏನು ಬದಲಾಯಿತು? ಈಗ ಎಪಿಸೋಡಿಗೆ ಬೆನ್ನೆಲುಬು ಬಂತು. 1623ರಲ್ಲಿ ಅವನಿಗೆ ಬೇಕಾದವರೇ ಪೋಪ್ ಆದದ್ದು, 1632ರಲ್ಲಿ ಅದೇ ವಾದದ ಅವನ ಪುಸ್ತಕ ಹೊರಬಂದದ್ದು, ಎಲ್ಲಕ್ಕೂ ಜಾಗ ತಾನಾಗಿ ಸಿಗುತ್ತದೆ. ಅವನ ದೂರದರ್ಶಕದ ಕಥೆ ಬೇಡ ಅನ್ನುವುದೂ ಗೊತ್ತಾಗುತ್ತದೆ. ಯಾವುದನ್ನು ಬಿಡಬೇಕು ಅಂತ ತೋರಿಸದ ಪ್ರಶ್ನೆ ಇನ್ನೂ ಪ್ರಶ್ನೆಯಾಗಿಲ್ಲ.

ಒಂದು ಹಾಳೆಯಲ್ಲಿ ಇಂಥ ಹತ್ತು ಪ್ರಶ್ನೆ ಬರೆಯಿರಿ. ಪ್ರತಿಯೊಂದರಲ್ಲೂ "ಆಗಲೇ ಯಾಕೆ", "ಅಲ್ಲೇ ಯಾಕೆ", "ಯಾರು ಒಪ್ಪಲಿಲ್ಲ" ಈ ಮೂರರಲ್ಲಿ ಒಂದಾದರೂ ಇರಲಿ. ಹತ್ತು ಬರಲಿಲ್ಲ ಅಂದರೆ ಆ ಕ್ಷೇತ್ರದಲ್ಲಿ ನಿಮ್ಮ ಓದು ಇನ್ನೂ ಸಾಲದು. ಬಂದರೆ ಅವುಗಳಲ್ಲಿ ಆರನ್ನು ಆರಿಸಿ, ಅದನ್ನೇ ಮೊದಲ ಸರಣಿ ಎಂದು ಕರೆಯಿರಿ. ಕೊನೆ ಇರುವ ಸರಣಿ ಮುಗಿಯುತ್ತದೆ. ಕೊನೆಯೇ ಇಲ್ಲದ್ದು ನಿಂತುಹೋಗುತ್ತದೆ, ಕೇಳುಗರಿಗೆ ಅದು ಸೋಲಿನ ಹಾಗೆ ಕಾಣುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಮೊದಲಿನಿಂದ ಶುರು ಮಾಡುವುದು. "ತತ್ತ್ವಶಾಸ್ತ್ರ ಎಂದರೇನು" ಅಂತ ಮೊದಲ ಎಪಿಸೋಡ್. ಪಠ್ಯಪುಸ್ತಕದ ಅಭ್ಯಾಸ ಇದು. ನಿಮ್ಮ ಆರು ಪ್ರಶ್ನೆಗಳಲ್ಲಿ ನಿಮಗೇ ನಿದ್ದೆಗೆಡಿಸಿದ್ದು ಯಾವುದೋ ಅದನ್ನು ಮೊದಲು ಹಾಕಿ, ಅದು ಯಾವ ಶತಮಾನದ್ದೇ ಇರಲಿ.

ಎಚ್ಚರಿಕೆಯ ಗುರುತು: ಎಪಿಸೋಡಿನ ಹೆಸರಲ್ಲಿ ಎರಡು ದೊಡ್ಡ ಪದಗಳ ನಡುವೆ "ಮತ್ತು" ಬಂದಿದ್ದರೆ ("ಧರ್ಮ ಮತ್ತು ವಿಜ್ಞಾನ", "ಕಲೆ ಮತ್ತು ಸಮಾಜ") ಈ ಹಂತ ಇನ್ನೂ ಮುಗಿದಿಲ್ಲ.

ಹಂತ 2: ಓದು, ಒಂದು ಕ್ರಮದಲ್ಲಿ

ಬೇಕಾದ ಸಾಧನ ನಾಲ್ಕು ಕಾಲಂನ ಒಂದು ಪಟ್ಟಿ. ನೋಟ್‌ಬುಕ್ಕಿನಲ್ಲಾದರೂ ಸರಿ, ಕಂಪ್ಯೂಟರಿನಲ್ಲಾದರೂ ಸರಿ. ಮೊದಲ ಕಾಲಂನಲ್ಲಿ ಸಂಗತಿ, ಎರಡರಲ್ಲಿ ಅದು ಎಲ್ಲಿ ಸಿಕ್ಕಿತು (ಪುಟದ ಸಂಖ್ಯೆ ಸಮೇತ), ಮೂರರಲ್ಲಿ ಅದನ್ನು ಹೇಳಿದವರು ಯಾರು, ನಾಲ್ಕರಲ್ಲಿ ಎಷ್ಟು ಗಟ್ಟಿ. ನಾಲ್ಕನೆಯದನ್ನು ಜನ ಖಾಲಿ ಬಿಡುತ್ತಾರೆ, ಆಮೇಲೆ ಅದೇ ಕಾಡುತ್ತದೆ.

ಮೊದಲು ವಿಶ್ವಕೋಶದ ಒಂದು ಲೇಖನ. ತತ್ತ್ವಶಾಸ್ತ್ರಕ್ಕೆ ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಪ್ರತಿ ಲೇಖನದ ಕೊನೆಗೆ ಪುಸ್ತಕಗಳ ಪಟ್ಟಿಯೂ ಇರುತ್ತದೆ. ಎರಡನೆಯದು ಈಚಿನ ಒಬ್ಬ ವಿದ್ವಾಂಸರ ಪುಸ್ತಕ. ಮೂರನೆಯದು ಮೂಲ ಕೃತಿ. ಮೂಲ ಭಾಷೆ ಬಾರದಿದ್ದರೆ ಎರಡು ಬೇರೆ ಬೇರೆ ಅನುವಾದ ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡೂ ಬೇರೆಯಾಗುವ ಸಾಲಿನಲ್ಲೇ ಸಾಮಾನ್ಯವಾಗಿ ಒಳ್ಳೆಯ ಎಪಿಸೋಡ್ ಅಡಗಿರುತ್ತದೆ. ಕೊನೆಗೆ, ನೀವು ಒಪ್ಪಿಕೊಂಡ ವಾದವನ್ನು ಒಪ್ಪದ ಒಬ್ಬರ ಬರಹ. ಈ ಕೊನೆಯದನ್ನು ಬಿಟ್ಟವರ ಎಪಿಸೋಡ್ ಭಾಷಣದ ಹಾಗಾಗುತ್ತದೆ.

ಪ್ರಸಿದ್ಧ ಮಾತುಗಳ ವಿಷಯದಲ್ಲಿ ಹುಷಾರು. "ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅದನ್ನು ಹೇಳುವ ನಿನ್ನ ಹಕ್ಕಿಗಾಗಿ ಪ್ರಾಣ ಕೊಟ್ಟೇನು" ಎಂಬ ಮಾತು ಹದಿನೆಂಟನೇ ಶತಮಾನದ ಫ್ರೆಂಚ್ ಚಿಂತಕ ವೋಲ್ಟೇರ್‌ನದ್ದು ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಬರೆದದ್ದು ಎವೆಲಿನ್ ಬಿಯಾಟ್ರಿಸ್ ಹಾಲ್ ಎಂಬ ಲೇಖಕಿ, 1906ರಲ್ಲಿ, ವೋಲ್ಟೇರ್‌ನ ಮನೋಭಾವ ಹೇಗಿತ್ತು ಅಂತ ಹೇಳುವುದಕ್ಕೆ. ವಿಚಾರಣೆ ಮುಗಿದ ಮೇಲೆ ಗೆಲಿಲಿಯೋ "ಆದರೂ ಅದು ಚಲಿಸುತ್ತದೆ" ಎಂದು ಗೊಣಗಿದ ಎಂಬ ಕಥೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1757ರಲ್ಲಿ. ಅವನು ಸತ್ತದ್ದು 1642ರಲ್ಲಿ. ಚರ್ಚನ್ನು ಪ್ರಶ್ನಿಸಿದ ಜರ್ಮನ್ ಸನ್ಯಾಸಿ ಲೂಥರ್ 1517ರಲ್ಲಿ 95 ವಾದಗಳನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಅಂಟಿಸಿದ ಎನ್ನುತ್ತೇವಲ್ಲ, ಲೂಥರ್ ತಾನು ಹಾಗೆ ಮಾಡಿದೆ ಎಂದು ಎಲ್ಲೂ ಬರೆದಿಲ್ಲ. ಅದೇ ಅಕ್ಟೋಬರ್ 31ರ ತಾರೀಕು ಹಾಕಿ ಆರ್ಚ್‌ಬಿಷಪ್‌ಗೆ ಬರೆದ ಪತ್ರ ಮಾತ್ರ ಉಳಿದಿದೆ.

ಇಂಥ ಕಥೆ ಸಿಕ್ಕರೆ ಎಸೆಯಬೇಕಿಲ್ಲ. "ಹೀಗೊಂದು ಕಥೆ ಇದೆ, ಇದು ಇಷ್ಟು ವರ್ಷ ಆದಮೇಲೆ ಹುಟ್ಟಿತು" ಎಂದು ಹೇಳಿದರೆ ಎರಡು ಕಥೆ ಸಿಕ್ಕ ಹಾಗೆ, ಅಲ್ವಾ? ಒಂದು ಉಲ್ಲೇಖಕ್ಕೆ ವರ್ಷ, ಕೃತಿ, ಪುಟ ಮೂರೂ ಸಿಗದಿದ್ದರೆ ಅದನ್ನು ಯಾರ ಬಾಯಲ್ಲೂ ಇಡಬೇಡಿ. ಚಾಟ್‌ಬಾಟ್ ಕೊಟ್ಟ ಉಲ್ಲೇಖವನ್ನಂತೂ ಪುಟ ತೆರೆದು ಕಣ್ಣಾರೆ ನೋಡದೆ ಬಳಸಲೇಬೇಡಿ. ಇಲ್ಲದ ಪುಸ್ತಕಕ್ಕೂ ಅವು ಪುಟದ ಸಂಖ್ಯೆ ಕೊಡುತ್ತವೆ.

ಓದು ಎಲ್ಲಿ ನಿಲ್ಲಿಸಬೇಕು? ಹೊಸ ಪುಸ್ತಕದಲ್ಲಿ ಹಳೆಯ ಹೆಸರುಗಳೇ ಸುತ್ತಿ ಸುತ್ತಿ ಬರಲು ಶುರುವಾದಾಗ. ಆಮೇಲೂ ಓದುತ್ತಿದ್ದರೆ ಅದು ಬರೆಯುವ ಕೆಲಸ ಮುಂದೂಡುವ ನೆಪ. ನಾನು ಇದರಲ್ಲಿ ಪಳಗಿದವನು.

ಹಂತ 3: ಯಾರ ದನಿಯಲ್ಲಿ ಮಾತಾಡುತ್ತಿದ್ದೀರಿ?

ನಂಬಿಕೆಯ ವಿಷಯ ಬಂದಾಗ ಬಹಳ ಪಾಡ್‌ಕಾಸ್ಟ್‌ಗಳು ಕುಸಿಯುವ ಜಾಗ ಇದು. ಪ್ರತಿ ಎಪಿಸೋಡಿನಲ್ಲೂ ಮೂರು ದನಿ ಇರುತ್ತವೆ. ನಂಬುವವರದ್ದು, ಚರಿತ್ರಕಾರರದ್ದು, ನಿಮ್ಮದು. ಮೂರು ಬಣ್ಣದ ಪೆನ್ನು ತೆಗೆದುಕೊಂಡು ಟಿಪ್ಪಣಿಯ ಪ್ರತಿ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ಯಾವ ಬಣ್ಣ ಅಂತ ತೋಚದ ವಾಕ್ಯವೇ ನಾಳೆ ಜಗಳ ತರುವ ವಾಕ್ಯ.

ಉದಾಹರಣೆಗೆ, "ಬುದ್ಧ ಹುಟ್ಟಿದ ಕೂಡಲೇ ಏಳು ಹೆಜ್ಜೆ ನಡೆದ" ಎಂದು ಸುಮ್ನೆ ಹೇಳಿಬಿಟ್ಟರೆ ಚರಿತ್ರೆ ಓದಿದ ಕೇಳುಗರು ಅಲ್ಲೇ ನಿಲ್ಲಿಸುತ್ತಾರೆ. "ಇದೆಲ್ಲ ಕಟ್ಟುಕಥೆ" ಎಂದರೆ ನಂಬುವವರು ನಿಲ್ಲಿಸುತ್ತಾರೆ. "ಬೌದ್ಧ ಪರಂಪರೆ ಈ ಹುಟ್ಟನ್ನು ಹೀಗೆ ನೆನೆಯುತ್ತದೆ" ಎಂದು ಶುರು ಮಾಡಿ, ಆ ಏಳು ಹೆಜ್ಜೆಗೆ ಅವರು ಕೊಡುವ ಅರ್ಥ ಹೇಳಿದರೆ ಇಬ್ಬರೂ ಕೂರುತ್ತಾರೆ. ಇಸವಿಗಳಿಗೂ ಇದೇ ಮಾತು. ಶ್ರೀಲಂಕಾ, ಬರ್ಮಾ ಕಡೆಯ ಬೌದ್ಧರ ಥೇರವಾದ ಪರಂಪರೆಯ ಲೆಕ್ಕದಲ್ಲಿ ಬುದ್ಧನ ಪರಿನಿರ್ವಾಣ, ಅಂದರೆ ಸಾವು, ಸಾ.ಶ.ಪೂ. (ಸಾಮಾನ್ಯ ಶಕ ಪೂರ್ವ) 544. ಇಂದಿನ ಅನೇಕ ಚರಿತ್ರಕಾರರು ಅದನ್ನು ಸಾ.ಶ.ಪೂ. 400ರ ಆಸುಪಾಸಿಗೆ ತರುತ್ತಾರೆ. ಎರಡನ್ನೂ ಹೇಳಿ, ಯಾರದ್ದು ಯಾವುದು ಎಂದೂ ಹೇಳಿ.

"ಇಸ್ಲಾಂ ಹೀಗೆ ಹೇಳುತ್ತದೆ", "ಕ್ರೈಸ್ತರು ಹೀಗೆ ನಂಬುತ್ತಾರೆ" ಎಂಬ ವಾಕ್ಯ ಬಂದರೆ ಪೆನ್ನು ನಿಲ್ಲಿಸಿ. ಯಾವ ಕಾಲದ, ಯಾವ ಊರಿನ, ಯಾವ ಪಂಥದವರು? ಹನ್ನೊಂದನೇ ಶತಮಾನದ ಕೊನೆಗೆ ಅಲ್-ಗಜಾಲಿ ತತ್ತ್ವಜ್ಞಾನಿಗಳ ವಾದಗಳನ್ನು ಒಡೆಯಲು ಒಂದು ಪುಸ್ತಕ ಬರೆದ. ಮುಂದಿನ ಶತಮಾನದಲ್ಲಿ ಇಬ್ನ್ ರುಶ್ದ್ ಆ ಖಂಡನೆಯನ್ನೇ ಖಂಡಿಸಿ ಇನ್ನೊಂದು ಬರೆದ. ಇಬ್ಬರೂ ಮುಸ್ಲಿಮರು, ಇಬ್ಬರೂ ಧರ್ಮಶಾಸ್ತ್ರ ಬಲ್ಲವರು. ಹೊರಗಿನವರ ಜೊತೆಗಿನ ಜಗಳಕ್ಕಿಂತ ಒಂದೇ ಮನೆಯೊಳಗಿನ ವಾದ ನಿಮ್ಮ ಎಪಿಸೋಡಿಗೆ ಎಷ್ಟೋ ಹೆಚ್ಚು ಕೊಡುತ್ತದೆ.

ಹೆಸರುಗಳನ್ನೂ ನೋಡಿಕೊಳ್ಳಿ. "ಹಳೆಯ ಒಡಂಬಡಿಕೆ" ಕ್ರೈಸ್ತರು ಇಟ್ಟ ಹೆಸರು, ಯೆಹೂದ್ಯರು ತಮ್ಮ ಗ್ರಂಥವನ್ನು ತನಖ್ ಎನ್ನುತ್ತಾರೆ. "ಮಹಮದೀಯ ಧರ್ಮ" ಎಂಬ ಹಳೆಯ ಪದ ಮುಸ್ಲಿಮರಿಗೆ ಸರಿ ಕಾಣುವುದಿಲ್ಲ, ಅವರು ಪ್ರವಾದಿಯನ್ನು ಪೂಜಿಸುವುದಿಲ್ಲವಲ್ಲ. ಕ್ರಿ.ಶ. ಬಳಸುತ್ತೀರೋ ಸಾ.ಶ. ಬಳಸುತ್ತೀರೋ, ಒಂದನ್ನು ಹಿಡಿದು ಕೊನೆವರೆಗೂ ಅದರಲ್ಲೇ ಇರಿ.

ಇನ್ನೊಂದು ಸೂಕ್ಷ್ಮ ತಪ್ಪು ಇಂದಿನ ಪದವನ್ನು ಅಂದಿನವರಿಗೆ ತೊಡಿಸುವುದು. ಗೆಲಿಲಿಯೋನನ್ನು "ಸೈಂಟಿಸ್ಟ್" ಅಂತ ಅವನ ಕಾಲದಲ್ಲಿ ಯಾರೂ ಕರೆಯುವ ಹಾಗಿರಲಿಲ್ಲ. ಆ ಇಂಗ್ಲಿಷ್ ಪದವನ್ನು ಇಂಗ್ಲೆಂಡಿನ ವಿದ್ವಾಂಸ ವಿಲಿಯಂ ಹ್ಯೂವೆಲ್ ಕಟ್ಟಿದ್ದು, ಅದು ಅಚ್ಚಾದದ್ದು 1834ರಲ್ಲಿ. ಇಂಥ ಪದ ಬಳಸಲೇಬೇಕಾದರೆ ಬಳಸಿ, ಆದರೆ ಎಪಿಸೋಡಿನಲ್ಲಿ ಒಮ್ಮೆಯಾದರೂ ಆ ಅಂತರ ಹೇಳಿ.

ಈ ಹಂತದ ಕೊನೆಯ ಪರೀಕ್ಷೆ ಸರಳ. ಆ ಪರಂಪರೆಯವರೊಬ್ಬರಿಗೆ ನಿಮ್ಮ ವಿವರಣೆ ಓದಿ ಹೇಳಿ. "ಹೌದು, ನಾವು ನಂಬುವುದು ಇದನ್ನೇ" ಎಂದು ಅವರು ಒಪ್ಪಬೇಕು. ನಿಮ್ಮ ತೀರ್ಮಾನವನ್ನು ಅವರು ಒಪ್ಪಬೇಕಾಗಿಲ್ಲ.

ಹಂತ 4: ಕಿವಿಗಾಗಿ ಸ್ಕ್ರಿಪ್ಟ್

ಬರೆಯುವ ಮೊದಲು ನಿಮ್ಮ ವೇಗ ಅಳೆಯಿರಿ. ಒಂದು ಪುಟವನ್ನು ಗಟ್ಟಿಯಾಗಿ, ಯಾರಿಗೋ ಹೇಳುವ ಹಾಗೆ ಓದಿ, ಗಡಿಯಾರ ನೋಡಿ. ನಿಮಿಷಕ್ಕೆ 150 ಪದ ಎಂಬ ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ವಿಭಕ್ತಿ, ಕಾಲ ಎಲ್ಲ ಪದಕ್ಕೇ ಅಂಟಿಕೊಂಡು ಪದ ಉದ್ದವಾಗುತ್ತದೆ. ನಿಮ್ಮ ಲೆಕ್ಕ ಸಿಕ್ಕ ಮೇಲೆ 25ರಿಂದ 35 ನಿಮಿಷದ ಸ್ಕ್ರಿಪ್ಟ್ ಎಷ್ಟು ಪುಟ ಅನ್ನುವುದು ತಿಳಿಯುತ್ತದೆ. ಮೊದಲ ಸರಣಿಗೆ ಅದಕ್ಕಿಂತ ಉದ್ದ ಬೇಡ.

ಪ್ರಬಂಧದ ವಾಕ್ಯವನ್ನು ಹಾಗೇ ಓದಿದರೆ ಹೇಗೆ ಕೇಳುತ್ತದೆ ನೋಡಿ: "ಹದಿನೇಳನೇ ಶತಮಾನದ ಪೂರ್ವಾರ್ಧದಲ್ಲಿ ಸೂರ್ಯಕೇಂದ್ರಿತ ಸಿದ್ಧಾಂತವನ್ನು ಪ್ರತಿಪಾದಿಸಿದ ಕಾರಣಕ್ಕಾಗಿ ಧಾರ್ಮಿಕ ನ್ಯಾಯಮಂಡಳಿಯ ವಿಚಾರಣೆಗೆ ಒಳಪಟ್ಟ ಗೆಲಿಲಿಯೋ ತನ್ನ ನಿಲುವನ್ನು ಹಿಂತೆಗೆದುಕೊಳ್ಳಬೇಕಾಯಿತು."

ಯಾರ ಬಗ್ಗೆ ಮಾತು ಅಂತ ಗೊತ್ತಾಗಲು ಹನ್ನೊಂದು ಪದ ಕಾಯಬೇಕು. ಅದೇ ಸಂಗತಿ ಕಿವಿಗೆ ಹೀಗೆ: "1633, ಜೂನ್ ತಿಂಗಳು. ರೋಮ್. ಗೆಲಿಲಿಯೋಗೆ 69 ವರ್ಷ. ಮಂಡಿಯೂರಿ ಕೂತಿದ್ದಾನೆ. ಭೂಮಿ ಸುತ್ತುತ್ತದೆ ಎಂಬ ಮಾತನ್ನು ನಾನು ಬಿಟ್ಟುಬಿಟ್ಟಿದ್ದೇನೆ ಅಂತ ಅವನು ಈಗ ಎಲ್ಲರೆದುರು ಹೇಳಬೇಕು."

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಉದ್ದ ವಾಕ್ಯ ಕೇಳುವವರನ್ನು ಕೊನೆಯ ತನಕ ನೇತಾಡಿಸುತ್ತದೆ. ಓದುವಾಗ ಇದು ಕಾಣುವುದಿಲ್ಲ. ಹಾಗಾಗಿ ಸ್ಕ್ರಿಪ್ಟನ್ನು ಬಾಯಿಬಿಟ್ಟು ಓದುತ್ತಲೇ ಬರೆಯಿರಿ. ಒಂದು ಉಸಿರಿಗೆ ಮುಗಿಯದ ವಾಕ್ಯವನ್ನು ಎರಡು ಮಾಡಿ.

ಮೊದಲ ಒಂದು ನಿಮಿಷದಲ್ಲಿ ದೃಶ್ಯವೋ ಪ್ರಶ್ನೆಯೋ ಬರಲಿ. "ನಮಸ್ಕಾರ, ನಾನು ಇಂಥವನು, ಈ ಪಾಡ್‌ಕಾಸ್ಟಿನ ಉದ್ದೇಶ..." ಎಂಬುದೆಲ್ಲ ಆಮೇಲೆ, ಅದೂ ಎರಡೇ ವಾಕ್ಯ. ಆಮೇಲೆ ದಾರಿ ಹೇಳಿ: ಮೊದಲು ಇಲ್ಲಿಗೆ ಹೋಗುತ್ತೇವೆ, ಆಮೇಲೆ ಅಲ್ಲಿಗೆ. ಏಳೆಂಟು ನಿಮಿಷಕ್ಕೊಮ್ಮೆ "ಇಲ್ಲಿವರೆಗೆ ಏನಾಯಿತು" ಅಂತ ಎರಡು ಸಾಲು. ಬರೆಯುವಾಗ ಪುನರುಕ್ತಿ ಅನ್ನಿಸುತ್ತದೆ, ಕೇಳುವಾಗ ಅದೇ ಕೈಹಿಡಿಯುತ್ತದೆ.

ಒಂದು ಎಪಿಸೋಡಿನಲ್ಲಿ ಐದಕ್ಕಿಂತ ಜಾಸ್ತಿ ಹೆಸರು ಬೇಡ. ಪ್ರತಿ ಹೆಸರಿಗೂ ಒಂದು ಗುರುತು ಕಟ್ಟಿ: "ಪೋಪ್ ಎಂಟನೇ ಅರ್ಬನ್, ಗೆಲಿಲಿಯೋನ ಹಳೆಯ ಗೆಳೆಯ". ಮುಂದಿನ ಸಲ ಹೆಸರು ಬಂದಾಗ ಆ ಗುರುತನ್ನೂ ಹೇಳಿ. ಇಸವಿ ಹೇಳಿದಾಗ ಒಂದು ವಯಸ್ಸನ್ನೋ ಅಂತರವನ್ನೋ ಜೊತೆಗೆ ಕೊಡಿ, ಬರೀ ಅಂಕಿ ಕಿವಿಯಲ್ಲಿ ನಿಲ್ಲುವುದಿಲ್ಲ.

ಉದ್ಧರಣೆ ಎರಡು ವಾಕ್ಯ ಮೀರದಿರಲಿ. ಕಿವಿಗೆ ಉದ್ಧರಣ ಚಿಹ್ನೆ ಕಾಣುವುದಿಲ್ಲ. ಆದ್ದರಿಂದ ಹೇಳುವವರ ಹೆಸರು ಮೊದಲು, ಮಾತು ಆಮೇಲೆ, ಮುಗಿದ ಮೇಲೆ ಒಂದು ಬಿಡುವು, ನಂತರ ನಿಮ್ಮ ಮಾತಲ್ಲಿ ಅದರ ಅರ್ಥ. ಪಾರಿಭಾಷಿಕ ಪದಗಳನ್ನು ಕಡಿಮೆ ಮಾಡಿ. "ಜ್ಞಾನಮೀಮಾಂಸೆ" ಎನ್ನುವ ಬದಲು "ನಮಗೆ ಗೊತ್ತು ಅಂತ ಯಾವಾಗ ಹೇಳಬಹುದು ಎಂಬ ಪ್ರಶ್ನೆ" ಎಂದರೆ ಕೆಲಸ ಆಯಿತು. ಪದವೇ ಕಥೆಯಾಗಿದ್ದರೆ ಮಾತ್ರ ಅದನ್ನು ಇಟ್ಟುಕೊಳ್ಳಿ, ಒಮ್ಮೆ ಬಿಡಿಸಿ ಹೇಳಿ.

ಕೊನೆಗೆ, ಹೊರಗಿನ ಹೆಸರುಗಳ ಉಚ್ಚಾರಣೆಯ ಪಟ್ಟಿ ಮಾಡಿ, ಆ ಭಾಷೆ ಆಡುವವರ ಬಾಯಲ್ಲಿ ಕೇಳಿ, ಕನ್ನಡ ಅಕ್ಷರದಲ್ಲಿ ಬರೆದು ಸ್ಕ್ರಿಪ್ಟಿನ ಮೇಲ್ಗಡೆ ಅಂಟಿಸಿ. ಒಂದೇ ಹೆಸರು ಎಪಿಸೋಡಿನಲ್ಲಿ ಮೂರು ಥರ ಕೇಳಿಸಿದರೆ ಮೂರು ಜನ ಅಂದುಕೊಳ್ಳುತ್ತಾರೆ.

ಹಂತ 5: ಹಕ್ಕುಗಳನ್ನು ರೆಕಾರ್ಡಿಂಗ್‌ಗೆ ಮೊದಲೇ ನೋಡಿ

ಸಾವಿರ ವರ್ಷ ಹಳೆಯ ಗ್ರಂಥಕ್ಕೆ ಹಕ್ಕುಸ್ವಾಮ್ಯ ಇಲ್ಲ, ಆದರೆ ನೀವು ಓದುತ್ತಿರುವ ಅನುವಾದಕ್ಕೆ ಇರಬಹುದು. ಸಂಗೀತದಲ್ಲೂ ಹೀಗೇ ಎರಡು ಪದರ. ರಾಗ ಹಳೆಯದು, ರೆಕಾರ್ಡಿಂಗ್ ಹೊಸದು. ಪ್ರಾರ್ಥನೆ, ಪಠಣ, ಭಜನೆಯ ಧ್ವನಿ ಬಳಸುವಾಗ ಇದನ್ನು ಮರೆತು ಎಪಿಸೋಡ್ ಕಳೆದುಕೊಂಡವರಿದ್ದಾರೆ. ಉದ್ದದ ಭಾಗ ಬೇಕಾದರೆ ಪ್ರಕಾಶಕರ ಒಪ್ಪಿಗೆ ಕೇಳಿ, ಇಲ್ಲವೇ ಮೂಲದಿಂದ ನೀವೇ ಅನುವಾದಿಸಿ. ಕ್ರಿಯೇಟಿವ್ ಕಾಮನ್ಸ್ (ಕೆಲವು ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಬಹುದಾದ) ಸಂಗೀತವಾದರೆ ಪರವಾನಗಿಯ ಬಗೆ ಓದಿ. ಕೆಲವದರಲ್ಲಿ ಹೆಸರು ಹೇಳಿದರೆ ಸಾಕು, ಕೆಲವದರಲ್ಲಿ ವಾಣಿಜ್ಯ ಬಳಕೆಗೆ ಬಿಡುವುದಿಲ್ಲ. ಮುಂದೆ ಜಾಹೀರಾತು ಹಾಕುವ ಯೋಚನೆ ಇದ್ದರೆ ಎರಡನೆಯ ಬಗೆ ಬೇಡವೇ ಬೇಡ. ಜೊತೆಗೆ, ನಂಬುವವರಿಗೆ ಪವಿತ್ರವಾದ ಪಠಣವನ್ನು ಹಿನ್ನೆಲೆ ಸಂಗೀತದ ಹಾಗೆ ಮಾತಿನ ಕೆಳಗೆ ಓಡಿಸಬೇಡಿ. ಕೇಳಿಸುವುದಾದರೆ ನೀವು ಸುಮ್ಮನಿದ್ದು ಕೇಳಿಸಿ.

ಹಂತ 6: ಅತಿಥಿ ಇದ್ದರೆ

ಮುಖ್ಯ ಮಾತುಕತೆಗೆ ಕೆಲವು ದಿನ ಮೊದಲು 20 ನಿಮಿಷ ಫೋನಿನಲ್ಲಿ ಮಾತಾಡಿ, ರೆಕಾರ್ಡ್ ಮಾಡದೆ. ಅವರು ಎಲ್ಲಿ ಉತ್ಸಾಹದಿಂದ ಮಾತಾಡುತ್ತಾರೆ ಅಂತ ತಿಳಿಯಲು ಅದು ಸಾಕು. ಎಪಿಸೋಡಿನ ಪ್ರಶ್ನೆ ತಿಳಿಸಿ, ಉಪಪ್ರಶ್ನೆಗಳ ಪಟ್ಟಿ ಕಳಿಸಬೇಡಿ. ಕಳಿಸಿದರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ.

"ನಿಮ್ಮ ಪುಸ್ತಕದ ಬಗ್ಗೆ ಹೇಳಿ" ಎಂದರೆ ಹಿಂಬದಿ ಹೊದಿಕೆಯ ಮಾತು ಸಿಗುತ್ತದೆ. "ನಿಮ್ಮ ಈ ವಾದವನ್ನು ನಿಮ್ಮ ಕ್ಷೇತ್ರದಲ್ಲೇ ಯಾರು ಒಪ್ಪುವುದಿಲ್ಲ, ಅವರು ಏನನ್ನುತ್ತಾರೆ?" ಎಂದು ಕೇಳಿ. "ಮೊದಲು ನೀವು ಬೇರೆ ಥರ ಯೋಚಿಸುತ್ತಿದ್ದಿರಾ?" ಎಂದು ಕೇಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಕೇಳಿ ಮುಗಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ, ಆದರೆ ಮೌನ ತುಂಬಲು ಅತಿಥಿ ಹೇಳುವ ಮಾತೇ ಬಹಳ ಸಲ ಚೆನ್ನಾಗಿರುತ್ತದೆ.

ದೂರದಲ್ಲಿದ್ದವರಾದರೆ ಅವರ ದನಿ ಅವರ ಕಡೆಯೇ ರೆಕಾರ್ಡ್ ಆಗಲಿ. ಕರೆ ಬರೀ ಕೇಳಿಸಿಕೊಳ್ಳುವುದಕ್ಕೆ. ಫೋನಿನ ರೆಕಾರ್ಡರ್ ಬಾಯಿಯ ಹತ್ತಿರ ಇಟ್ಟುಕೊಂಡರೂ ಕರೆಯ ದನಿಗಿಂತ ಮೇಲು. ಇಬ್ಬರೂ ಇಯರ್‌ಫೋನ್ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ನಿಮ್ಮ ದನಿ ಅವರ ರೆಕಾರ್ಡಿಂಗಿನಲ್ಲಿ ಮರುಕಳಿಸುತ್ತದೆ. ಶುರುವಿನಲ್ಲಿ "ಒಂದು, ಎರಡು, ಮೂರು" ಎಂದು ಇಬ್ಬರೂ ಒಮ್ಮೆ ಚಪ್ಪಾಳೆ ಹೊಡೆಯಿರಿ. ಪರದೆಯಲ್ಲಿ ಆ ಸದ್ದು ಚೂಪಾದ ಮೊನೆಯ ಹಾಗೆ ಕಾಣುತ್ತದೆ, ಎರಡು ಫೈಲ್ ಹೊಂದಿಸಲು ಅದು ಸಾಕು. ಹತ್ತು ಸೆಕೆಂಡ್ ಪರೀಕ್ಷೆ ರೆಕಾರ್ಡ್ ಮಾಡಿ, ಕೇಳಿ, ಆಮೇಲೆ ಮುಂದೆ ಹೋಗಿ. ನಾನು ಒಮ್ಮೆ ಇದನ್ನು ಬಿಟ್ಟು ಪೂರ್ತಿ ಮಾತುಕತೆ ಮುಗಿಸಿದೆ. ಕೊನೆಗೆ ನೋಡಿದರೆ ಫೈಲಿನಲ್ಲಿ ಇದ್ದದ್ದು ನನ್ನ "ಹೌದಾ", "ಹ್ಞೂಂ" ಮಾತ್ರ.

ಕತ್ತರಿಸಿ ಪ್ರಸಾರ ಮಾಡಲು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಂದು ಮಿಂಚಂಚೆ ಸಾಲು ಸಾಕು.

ಹಂತ 7: ಈಗ ಮೈಕ್

ಮನೆಯ ಕೋಣೆಯಲ್ಲಿ ಮಾಡುವವರಿಗೆ ಡೈನಾಮಿಕ್ ಮೈಕ್ ಒಳ್ಳೆಯದು. ಕಂಡೆನ್ಸರ್ ಮೈಕ್ ಸೂಕ್ಷ್ಮ, ಫ್ಯಾನು, ರಸ್ತೆ, ಪಕ್ಕದ ಮನೆ ಎಲ್ಲವನ್ನೂ ಹಿಡಿಯುತ್ತದೆ. ಯುಎಸ್‌ಬಿ ಮೈಕನ್ನು ನೇರ ಕಂಪ್ಯೂಟರಿಗೆ ಚುಚ್ಚಬಹುದು. ಎಕ್ಸ್‌ಎಲ್‌ಆರ್ ಮೈಕಿಗೆ (ಮೂರು ಪಿನ್ನಿನ ತಂತಿಯದು) ನಡುವೆ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್‌ಫೇಸ್ ಬೇಕು. ಒಬ್ಬರೇ ಮಾತಾಡುವುದಾದರೆ ಯುಎಸ್‌ಬಿ ಸಾಕು.

ಮೈಕಿಗಿಂತ ಕೋಣೆ ಮುಖ್ಯ. ಖಾಲಿ ಗೋಡೆ, ಬರಿ ನೆಲ ಇದ್ದರೆ ದನಿ ಮರಳಿ ಬರುತ್ತದೆ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ತೆಗೆಯುವುದಿಲ್ಲ. ಬಟ್ಟೆ ತುಂಬಿದ ಬೀರು ತೆರೆದು ಅದರ ಎದುರು ಕೂರಿ, ಹಾಸಿಗೆ, ಪರದೆ, ಕಂಬಳಿ ಇರುವ ಸಣ್ಣ ಕೋಣೆ ಆರಿಸಿ. ಒಮ್ಮೆ ಚಪ್ಪಾಳೆ ಹೊಡೆದಾಗ ಗಂಟೆಯ ಹಾಗೆ ಕೊಂಚ ಉಳಿದರೆ ಆ ಜಾಗ ಬೇಡ.

ಬಾಯಿಗೂ ಮೈಕಿಗೂ ಸುಮಾರು 10ರಿಂದ 15 ಸೆಂಟಿಮೀಟರ್. ಮೈಕ್ ಬಾಯಿಯ ನೇರಕ್ಕೆ ಬೇಡ, ಕೊಂಚ ಪಕ್ಕಕ್ಕೆ ಇರಲಿ. ಆಗ ಪ, ಫ, ಭ ಅಕ್ಷರಗಳ ಗಾಳಿ ಮೈಕಿಗೆ ಬಡಿಯುವುದಿಲ್ಲ. ಆ ಗಾಳಿ ತಡೆಯುವ ಪರದೆ, ಪಾಪ್ ಫಿಲ್ಟರ್, ಇದ್ದರೆ ಇನ್ನೂ ಸರಿ. ವೇವ್ (WAV) ಫೈಲಾಗಿ, 44.1 ಕಿಲೋಹರ್ಟ್ಸ್ ಅಥವಾ 48ರಲ್ಲಿ ರೆಕಾರ್ಡ್ ಮಾಡಿ. ದನಿ ಜೋರಾದಾಗ ಮೀಟರ್ -12ರಿಂದ -6 ಡೆಸಿಬೆಲ್ ನಡುವೆ ಇರಲಿ. 0 ಮುಟ್ಟಿತೋ ದನಿ ಒಡೆಯಿತು, ಒಡೆದದ್ದನ್ನು ಸರಿಮಾಡಲು ಬರುವುದಿಲ್ಲ.

ಮಾತು ಶುರು ಮಾಡುವ ಮೊದಲು 30 ಸೆಕೆಂಡ್ ಸುಮ್ಮನೆ ಕೋಣೆಯ ಸದ್ದು ರೆಕಾರ್ಡ್ ಮಾಡಿ. ತಪ್ಪಿದಾಗ ನಿಲ್ಲಿಸಬೇಡಿ. ಒಂದು ಚಿಟಿಕೆ ಹೊಡೆದು ವಾಕ್ಯದ ಮೊದಲಿಂದ ಮತ್ತೆ ಹೇಳಿ, ಎಡಿಟಿಂಗಿನಲ್ಲಿ ಆ ಮೊನೆ ಕಣ್ಣಿಗೇ ಕಾಣುತ್ತದೆ. ಸ್ಕ್ರಿಪ್ಟ್ ಕಾಗದದಲ್ಲಿದ್ದರೆ ಹಾಳೆಯ ಒಂದೇ ಬದಿಗೆ, ಪ್ಯಾರಾ ಹಾಳೆಯ ಕೊನೆಗೆ ಮುಗಿಯುವ ಹಾಗೆ ಅಚ್ಚು ಮಾಡಿ. ಹಾಳೆ ತಿರುವುವ ಸದ್ದು ಮಾತಿನ ಮೇಲೆ ಬೀಳುವುದಿಲ್ಲ.

ಎಚ್ಚರಿಕೆಯ ಗುರುತು: ಹತ್ತನೇ ನಿಮಿಷದಲ್ಲಿ ನಿಮ್ಮ ದನಿ ಮೊದಲ ನಿಮಿಷಕ್ಕಿಂತ ಚಪ್ಪಟೆಯಾಗಿದ್ದರೆ ನೀವು ಮಾತಾಡುವುದು ಬಿಟ್ಟು ಓದುತ್ತಿದ್ದೀರಿ. ನೀರು ಕುಡಿದು, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಮುಂದುವರಿಸಿ.

ಹಂತ 8: ಎಡಿಟಿಂಗ್, ಇದೇ ಕ್ರಮದಲ್ಲಿ

ಮೊದಲು ಮೂಲ ಫೈಲಿನ ಎರಡು ಪ್ರತಿ, ಒಂದು ಬೇರೆ ಡಿಸ್ಕಿನಲ್ಲಿ. ಆಮೇಲೆ ಅರ್ಥದ ಕತ್ತರಿ, ಅಂದರೆ ಪ್ರಶ್ನೆಗೆ ಸಂಬಂಧಿಸದ ಭಾಗ ತೆಗೆಯುವುದು. ದನಿಯ ಕೆಲಸ ಕೊನೆಗೆ. ಬಹಳ ಜನ ಮೊದಲು ಶಬ್ದ ಶುದ್ಧ ಮಾಡುತ್ತಾ ಕೂರುತ್ತಾರೆ, ಆಮೇಲೆ ಆ ಭಾಗವನ್ನೇ ಕತ್ತರಿಸುತ್ತಾರೆ.

ಅಡಾಸಿಟಿ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಉಚಿತ, ಈ ಕೆಲಸಕ್ಕೆ ಸಾಕು. ಅದರಲ್ಲಿ ಹಿನ್ನೆಲೆ ಸದ್ದು ಇಳಿಸುವ ನಾಯ್ಸ್ ರಿಡಕ್ಷನ್‌ಗೆ ಮೊದಲು ಆ 30 ಸೆಕೆಂಡಿನ ಖಾಲಿ ಸದ್ದನ್ನು ಆರಿಸಿ ಮಾದರಿ ತೆಗೆದುಕೊಳ್ಳಿ, ನಂತರ ಪೂರ್ತಿ ಫೈಲಿಗೆ ಹದವಾಗಿ ಹಾಕಿ. ದನಿ ನೀರಿನೊಳಗಿಂದಲೋ ತಗಡಿನ ಡಬ್ಬಿಯಿಂದಲೋ ಬಂದಂತಾದರೆ ಜಾಸ್ತಿಯಾಯಿತು, ಹಿಂದೆ ಬನ್ನಿ. ಆಮೇಲೆ 80 ಹರ್ಟ್ಸ್ ಆಸುಪಾಸಿನ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಗುಡುಗುವ ಸದ್ದು ತೆಗೆಯಲು), ಹಗುರ ಕಂಪ್ರೆಷನ್ (ಜೋರು, ಮೆಲುದನಿಗಳ ಅಂತರ ಕಡಿಮೆ ಮಾಡಲು), ಕೊನೆಗೆ ಒಟ್ಟು ದನಿ ಎಷ್ಟು ಜೋರು ಎಂಬ ಲೌಡ್‌ನೆಸ್. ಆಪಲ್ ಸೂಚಿಸುವ ಮಟ್ಟ -16 LUFS (ಲೌಡ್‌ನೆಸ್ ಅಳೆಯುವ ಮಾನ) ಆಸುಪಾಸು, ಅತಿ ಎತ್ತರದ ಮೊನೆ -1 ಡೆಸಿಬೆಲ್ ದಾಟಬಾರದು. ಸ್ಪಾಟಿಫೈ -14 ಎನ್ನುತ್ತದೆ, ಆದರೆ -16ರಲ್ಲಿ ಇಟ್ಟರೆ ಎರಡೂ ಕಡೆ ತೊಂದರೆಯಿಲ್ಲ.

ಎಲ್ಲ ಬಿಡುವುಗಳನ್ನು ಕತ್ತರಿಸಬೇಡಿ. ಕಷ್ಟದ ವಿಚಾರ ಬಂದ ಮೇಲೆ ಒಂದೂವರೆ ಸೆಕೆಂಡಿನ ಮೌನ ಕೇಳುಗರಿಗೆ ಬೇಕು. ಬರೀ ಮಾತಾದರೆ ಮೋನೋ, 64ರಿಂದ 96 ಕೆಬಿಪಿಎಸ್ (ಒಂದು ಸೆಕೆಂಡಿನ ದನಿಗೆ ಬಳಸುವ ಡೇಟಾದ ಅಳತೆ) ಎಂಪಿ3 ಸಾಕು. 64ರಲ್ಲಿ ಅರ್ಧ ಗಂಟೆಯ ಫೈಲ್ 14 ಎಂಬಿ ಚಿಲ್ಲರೆ. ಸಂಗೀತ ಇದ್ದರೆ ಸ್ಟೀರಿಯೋ 128. ಮುಗಿದ ಮೇಲೆ ಫೋನಿನ ಸಣ್ಣ ಸ್ಪೀಕರಿನಲ್ಲಿ, ನಲ್ಲಿ ನೀರು ಬಿಟ್ಟುಕೊಂಡು ಒಮ್ಮೆ ಕೇಳಿ. ಅರ್ಥವಾಗದ ಕಡೆ ಗುರುತು ಹಾಕಿ.

ಹಂತ 9: ಹೊರಗೆ ಬಿಡುವುದು

ಮೂರು ಎಪಿಸೋಡ್ ತಯಾರಿರುವ ತನಕ ಒಂದನ್ನೂ ಹಾಕಬೇಡಿ. ನಾಲ್ಕನೆಯದರ ಓದು ತಡವಾದಾಗ ಈ ಮೂರೇ ಉಸಿರು ಬಿಡಲು ಜಾಗ ಕೊಡುವುದು.

ಫೈಲನ್ನು ಒಂದು ಹೋಸ್ಟಿಂಗ್ ಸೇವೆಗೆ (ಎಪಿಸೋಡ್ ಫೈಲ್ ಇಟ್ಟುಕೊಂಡು ಹಂಚುವ ಅಂತರ್ಜಾಲ ತಾಣ) ಏರಿಸಬೇಕು, ಅದು ಆರ್‌ಎಸ್‌ಎಸ್ ಫೀಡ್ (ಆ್ಯಪ್‌ಗಳು ಹೊಸ ಎಪಿಸೋಡ್ ಹುಡುಕುವ ಪಟ್ಟಿ) ಕೊಡುತ್ತದೆ, ಆ ಫೀಡಿನ ವಿಳಾಸವನ್ನು ಆಪಲ್ ಪಾಡ್‌ಕಾಸ್ಟ್ಸ್, ಸ್ಪಾಟಿಫೈ, ಯೂಟ್ಯೂಬ್‌ಗಳಿಗೆ ಒಮ್ಮೆ ಕೊಟ್ಟರೆ ಸಾಕು. ಸೇವೆ ಆರಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ನಾಳೆ ಬಿಟ್ಟು ಹೋಗುವಾಗ ಹಳೆಯ ಫೀಡಿನಿಂದ ಹೊಸದಕ್ಕೆ ದಾರಿ ತಿರುಗಿಸಿ ಕೊಡುತ್ತೀರಾ? ಇಲ್ಲ ಎಂದರೆ ಬೇರೆ ನೋಡಿ, ಕೇಳುಗರು ಆ ಫೀಡಿನ ಜೊತೆಗೇ ಉಳಿದುಬಿಡುತ್ತಾರೆ.

ಮುಖಚಿತ್ರ ಚೌಕ, 3000 x 3000 ಪಿಕ್ಸೆಲ್ (ಆಪಲ್‌ಗೆ ಕನಿಷ್ಠ 1400). ಅಕ್ಷರಗಳು ಉಗುರಿನಷ್ಟು ಸಣ್ಣದಾದಾಗಲೂ ಓದಲು ಬರಬೇಕು. ಭಾಷೆ ಎಂಬಲ್ಲಿ ಕನ್ನಡ ಆರಿಸಿದ್ದೀರಾ ನೋಡಿ, ಎಷ್ಟೋ ಕಡೆ ಇಂಗ್ಲಿಷ್ ಎಂದೇ ತುಂಬಿರುತ್ತದೆ. ವರ್ಗ ಆರಿಸುವಾಗ ಯೋಚಿಸಿ. ಧರ್ಮ ಮತ್ತು ಅಧ್ಯಾತ್ಮದ ವರ್ಗಕ್ಕೆ ಬರುವವರು ಹೆಚ್ಚಾಗಿ ಪ್ರವಚನ, ಪ್ರಾರ್ಥನೆ ಹುಡುಕಿಕೊಂಡು ಬರುತ್ತಾರೆ. ನಿಮ್ಮದು ಚರಿತ್ರೆಯಾದರೆ ಚರಿತ್ರೆಯ ವರ್ಗ, ವಿಚಾರವಾದರೆ ಸಮಾಜ ಮತ್ತು ಸಂಸ್ಕೃತಿಯೊಳಗಿನ ತತ್ತ್ವಶಾಸ್ತ್ರ ಸರಿ.

ಎಪಿಸೋಡಿನ ಹೆಸರಿಗೆ ಮೊದಲ ಹಂತದ ಪ್ರಶ್ನೆಯನ್ನೇ ಇಡಿ. "ಭಾಗ 3" ಎಂದಿದ್ದರೆ ಯಾರೂ ಒತ್ತುವುದಿಲ್ಲ. ಎಪಿಸೋಡಿನಲ್ಲಿ ಬಂದ ಹೆಸರುಗಳನ್ನು ಬರೆಯುವ ರೀತಿ, ಓದಿದ ಪುಸ್ತಕ, ಪುಟ ಇವನ್ನು ವಿವರಣೆಯಲ್ಲಿ ಹಾಕಿ. ಎರಡನೇ ಹಂತದ ಪಟ್ಟಿ ಇದ್ದರೆ ಇದು ಹತ್ತು ನಿಮಿಷದ ಕೆಲಸ.

ಹಂತ 10: ತಪ್ಪು ಹೊರಬಿದ್ದಾಗ

ಬೀಳುತ್ತದೆ. ಇಸವಿ ತಪ್ಪಿರುತ್ತದೆ, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಿರುತ್ತದೆ, ಒಂದು ಪಂಥದ ಆಚರಣೆ ಇನ್ನೊಂದರದ್ದಾಗಿರುತ್ತದೆ. ಯಾರಾದರೂ ತೋರಿಸಿದಾಗ ಮೊದಲು ನಿಮ್ಮ ಪಟ್ಟಿಯ ಎರಡನೇ ಕಾಲಂ ನೋಡಿ. ಪುಸ್ತಕವೇ ತಪ್ಪೋ, ನೀವು ಓದಿದ್ದು ತಪ್ಪೋ, ಅಥವಾ ಅದು ಎರಡು ಅಭಿಪ್ರಾಯ ಇರುವ ಜಾಗವೋ? ಮೂರನೆಯದಾದರೆ ತಿದ್ದುವುದೇನಿಲ್ಲ, ಇನ್ನೊಂದು ಅಭಿಪ್ರಾಯ ವಿವರಣೆಗೆ ಸೇರಿಸಿ.

ನಿಜವಾದ ತಪ್ಪಾದರೆ ಆ ವಾಕ್ಯ ಮಾತ್ರ ಅದೇ ಕೋಣೆಯಲ್ಲಿ, ಅದೇ ದೂರದಲ್ಲಿ ಮತ್ತೆ ರೆಕಾರ್ಡ್ ಮಾಡಿ ಸೇರಿಸಿ. ಹೋಸ್ಟಿಂಗಿನಲ್ಲಿ ಎಪಿಸೋಡ್ ಅಳಿಸಿ ಹೊಸದು ಹಾಕಬೇಡಿ, ಇರುವ ಎಪಿಸೋಡಿನ ಫೈಲ್ ಮಾತ್ರ ಬದಲಿಸಿ. ಅಳಿಸಿ ಹಾಕಿದರೆ ಕೇಳುಗರ ಆ್ಯಪಿನಲ್ಲಿ ಅದು ಇನ್ನೊಂದು ಎಪಿಸೋಡ್ ಎಂದು ಮತ್ತೆ ಇಳಿಯುತ್ತದೆ, ಹಳೆಯ ಲಿಂಕ್‌ಗಳು ಸಾಯುತ್ತವೆ. ಮೊದಲೇ ಇಳಿಸಿಕೊಂಡವರ ಫೋನಿನಲ್ಲಿ ಹಳೆಯ ಫೈಲೇ ಉಳಿದಿರುತ್ತದೆ. ಅವರಿಗಾಗಿ ಮುಂದಿನ ಎಪಿಸೋಡಿನ ಶುರುವಿನಲ್ಲೇ, ಯಾವ ಎಪಿಸೋಡ್, ಎಷ್ಟನೇ ನಿಮಿಷ, ಏನು ಹೇಳಿದ್ದೆ, ಸರಿಯಾದದ್ದು ಏನು ಎಂದು ನಾಲ್ಕು ವಾಕ್ಯದಲ್ಲಿ ಹೇಳಿ.